ಆಂಕಿ ಆ್ಯಪ್: ಪರಿಸರ ವಿಜ್ಞಾನದ ಇಂಗ್ಲಿಷ್ ಪದಗಳಿಗೆ 14 ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ

ಆಂಕಿ ಅಂದ್ರೆ ಪ್ರಶ್ನೆ ಉತ್ತರದ ಕಾರ್ಡ್ ತೋರ್ಸಿ ನೆನಪಲ್ಲಿ ಉಳಿಯೋ ಹಾಗೆ ಮಾಡೋ ಆ್ಯಪ್. ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. 14 ತಿಂಗಳು, 812 ಕಾರ್ಡು, ಖರ್ಚು ಸೊನ್ನೆ. ದಿನಕ್ಕೆ 15-20 ನಿಮಿಷ, ಅದೂ ಜಾಸ್ತಿ ಬಸ್ಸಲ್ಲಿ ಕೂತಾಗ. ಬಳಸಿದ್ದು ಒಂದು ಮಾಮೂಲಿ ಆಂಡ್ರಾಯ್ಡ್ ಫೋನು, ಕಾರ್ಡ್ ಬರೆಯೋಕೆ ಅಣ್ಣನ ಹಳೇ ಲ್ಯಾಪ್‌ಟಾಪು. ಇಷ್ಟರಲ್ಲಿ ಪರಿಸರ ವಿಜ್ಞಾನದ ಇಂಗ್ಲಿಷ್ ಕೈಗೆ ಬಂತಾ ಅಂದ್ರೆ ಬಂತು, ಆದ್ರೆ ಮೊದಲ 3 ತಿಂಗಳು ಏನೂ ಬರ್ಲಿಲ್ಲ, ಆಗ ಯಾಕೆ ಬರ್ಲಿಲ್ಲ ಆಮೇಲೆ ಹೇಗೆ ಬಂತು ಅನ್ನೋದನ್ನೇ ಬರೀಬೇಕು ಅಂತ ಕೂತಿದೀನಿ, ಸ್ವಲ್ಪ ಉದ್ದ ಆಗತ್ತೆ.

ನಾನು ಸಿದ್ದಾಪುರ ತಾಲೂಕಿನ ಹಳ್ಳಿಯವಳು. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಪಿಯುಸಿ, ಬಿಎಸ್ಸಿ ಹೇಗೋ ಆಯ್ತು, ನೋಟ್ಸ್ ಬಾಯಿಪಾಠ ಮಾಡಿ ಬರೆದ್ರೆ ನಡೀತಿತ್ತು. ಎಂಎಸ್ಸಿ ಪರಿಸರ ವಿಜ್ಞಾನಕ್ಕೆ ಸೇರಿದಾಗ ಹಾಗೆ ನಡೀಲಿಲ್ಲ. ಮೊದಲ ಸೆಮಿಸ್ಟರಲ್ಲಿ ಒಂದು ದಿನ ಎಫ್ಲುಯೆಂಟ್‌ಗೂ ಎಮಿಶನ್‌ಗೂ ಏನು ವ್ಯತ್ಯಾಸ ಅಂತ ಕೇಳಿದ್ರು, ನಾನು ಎದ್ದು ನಿಂತೆ, ಬಾಯಿ ಬರ್ಲಿಲ್ಲ. ಫ್ಯಾಕ್ಟರಿಯಿಂದ ಹೊಳೆಗೆ ಬಿಡೋ ಕೊಳಕು ನೀರೂ ಗೊತ್ತು, ಚಿಮಣಿಯಿಂದ ಹೋಗೋ ಹೊಗೆಯೂ ಗೊತ್ತು, ನೀರಾಗಿ ಹೊರಗೆ ಬರೋದು ಎಫ್ಲುಯೆಂಟ್, ಗಾಳಿಗೆ ಹೋಗೋದು ಎಮಿಶನ್, ಅಷ್ಟೇ ಹೇಳ್ಬೇಕಿತ್ತು. ವಿಷಯ ಗೊತ್ತಿದ್ದು ಪದ ಗೊತ್ತಿಲ್ದೆ ಕೂತ್ಕೊಳ್ಳೋ ಸಂಕಟ ಇದ್ಯಲ್ಲ, ಕನ್ನಡ ಮೀಡಿಯಮ್ಮಿಂದ ಬಂದವರಿಗೆ ಅದನ್ನ ಬಿಡಿಸಿ ಹೇಳೋದೇನೂ ಬೇಡ.

ಆವಾಗ ಒಂದು ಆನ್‌ಲೈನ್ ಕೋರ್ಸ್ ತಗೊಂಡೆ. ಹೆಸರು ಬೇಡ. ಸಾವಿರ ಪದದ ಪಿಡಿಎಫ್, ಎ ಇಂದ ಝಡ್ ತನಕ, ಪಕ್ಕದಲ್ಲಿ ಒಂದೊಂದು ಸಾಲು ಅರ್ಥ. ಎ ಮುಗಿಸಿ ಬಿ ಗೆ ಬರೋವಾಗ ಎ ಪೂರ್ತಿ ಮರ್ತಿರ್ತಿತ್ತು. ಹಾಸ್ಟೆಲ್ಲಲ್ಲಿ ಸೀನಿಯರ್ ಅಕ್ಕ ಒಬ್ರು ನೋಡಿ, ಹೀಗೆ ಓದಿದ್ರೆ ಯಾರಿಗೂ ನೆನಪಿರಲ್ಲ ಕಣೇ, ಆಂಕಿ ಹಾಕ್ಕೋ ಅಂದ್ರು. ನಾನು ಅಂಕಿ ಅಂದ್ರೆ ಏನೋ ಲೆಕ್ಕದ ಆ್ಯಪ್ ಅಂದ್ಕೊಂಡಿದ್ದೆ. ಜಪಾನಿ ಭಾಷೇಲಿ ಆಂಕಿ ಅಂದ್ರೆ ಬಾಯಿಪಾಠ ಮಾಡೋದು ಅಂತೆ. ಡೇಮಿಯನ್ ಎಲ್ಮ್ಸ್ ಅನ್ನೋರು ಜಪಾನಿ ಕಲಿಯೋಕೆ ಅಂತ 2006ರಲ್ಲಿ ಮಾಡಿದ್ದು ಇದು.

ಏನಿದೆ ಇದ್ರಲ್ಲಿ ಅಂದ್ರೆ, ಕಾರ್ಡು. ಮುಂದೆ ಪ್ರಶ್ನೆ ಹಿಂದೆ ಉತ್ತರ. ಉತ್ತರ ಮನಸ್ಸಲ್ಲಿ ಹೇಳ್ಕೊಂಡು ತಿರುಗಿಸಿ ನೋಡೋದು, ಆಮೇಲೆ ಎಗೇನ್, ಹಾರ್ಡ್, ಗುಡ್, ಈಸಿ ಈ ನಾಲ್ಕರಲ್ಲಿ ಒಂದು ಒತ್ತೋದು. ನೆನಪಿದ್ದ ಕಾರ್ಡು 3 ದಿನ, ಆಮೇಲೆ 8 ದಿನ, ಆಮೇಲೆ 3 ವಾರ ಹೀಗೆ ದೂರ ದೂರ ಹೋಗತ್ತೆ, ಮರೆತಿದ್ದು ಬೇಗ ವಾಪಸ್ ಬರತ್ತೆ. ಹೆರ್ಮನ್ ಎಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ಮರೆವು ಹೇಗೆ ಬರತ್ತೆ ಅಂತ ತೋರ್ಸಿದ್ರು, ಕಲಿತ ಸ್ವಲ್ಪ ಹೊತ್ತಲ್ಲೇ ತುಂಬಾ ಹೋಗತ್ತೆ, ಆಮೇಲೆ ನಿಧಾನಕ್ಕೆ. ಮರೆಯೋ ಹೊತ್ತಿಗೆ ಸರಿಯಾಗಿ ಕೇಳಿದ್ರೆ ಆ ನೆನಪು ಗಟ್ಟಿಯಾಗತ್ತೆ, ಆ ಹೊತ್ತನ್ನ ಲೆಕ್ಕ ಹಾಕೋದೇ ಆ್ಯಪ್ ಮಾಡೋ ಕೆಲಸ. ಈಗ ಎಫ್‌ಎಸ್‌ಆರ್‌ಎಸ್ ಅಂತ ಹೊಸ ಲೆಕ್ಕಾಚಾರ ಬಂದಿದೆ, ಡೆಕ್ (ಅಂದ್ರೆ ಕಾರ್ಡುಗಳ ಕಟ್ಟು) ಆಪ್ಶನ್ಸ್ ಒಳಗೆ ಹೋಗಿ ಆನ್ ಮಾಡ್ಕೋಬೇಕು, ನಾವು ಒತ್ತಿದ್ದನ್ನ ನೋಡಿ ನಮ್ಮ ಮರೆವಿಗೆ ತಕ್ಕ ಹಾಗೆ ದಿನ ಇಡತ್ತೆ. ಒಂದು ಮಾತು, ಮರ್ತಿದ್ರೆ ಎಗೇನ್ ಒತ್ತಿ, ಹಾರ್ಡ್ ಒತ್ಬೇಡಿ. ಹಾರ್ಡ್ ಅಂದ್ರೆ ಕಷ್ಟಪಟ್ಟು ನೆನಪು ಬಂತು ಅಂತ ಅರ್ಥ, ಮರ್ತೋಯ್ತು ಅಂತಲ್ಲ. ನಾನು ಎರಡು ತಿಂಗಳು ಇದೇ ತಪ್ಪು ಮಾಡಿದೀನಿ.

ಇದಕ್ಕಿಂತ ದೊಡ್ಡ ತಪ್ಪು ಕಾರ್ಡಲ್ಲಿತ್ತು. ಮೊದ್ಲು ಯಾರೋ ಮಾಡಿಟ್ಟ ರೆಡಿಮೇಡ್ ಡೆಕ್ ಇಳಿಸ್ಕೊಂಡೆ. ಅದ್ರಲ್ಲಿ ಟಂಡ್ರಾ, ಪರ್ಮಾಫ್ರಾಸ್ಟ್, ಗ್ಲೇಸಿಯರ್ ಎಲ್ಲ ಮೊದಲೇ, ಉದಾಹರಣೆಗಳೆಲ್ಲ ನಾನು ನೋಡದೇ ಇರೋ ಜಾಗದ್ದು. ಬಿಟ್ಟೆ. ಆಮೇಲೆ ನಾನೇ ಮಾಡಿದೆ, ಮುಂದೆ ಇಂಗ್ಲಿಷ್ ಪದ, ಹಿಂದೆ ನಿಘಂಟಿನ ಕನ್ನಡ ಪದ. ಯೂಟ್ರೋಫಿಕೇಶನ್ ಅಂದ್ರೆ ಪೋಷಕಾಂಶ ಸಮೃದ್ಧೀಕರಣ. ಈಗ ನೋಡಿ, ಗೊತ್ತಿಲ್ಲದ ಒಂದು ಪದಕ್ಕೆ ಗೊತ್ತಿಲ್ಲದ ಇನ್ನೊಂದು ಪದ ಅಂಟಿಸಿದ ಹಾಗಾಯ್ತು ಅಷ್ಟೇ. ನಮ್ಮನೇಲಿ ಯಾರೂ ಸಮೃದ್ಧೀಕರಣ ಅಂತ ಮಾತಾಡಿದ್ದು ನಾನು ಕೇಳಿಲ್ಲ. 3 ತಿಂಗಳು ಹೀಗೇ ದಿನಾ ಮರೆತಿದ್ದೇ ಮರೆತಿದ್ದು.

ಸರಿ ಹೋಗಿದ್ದು ಬೆಳ್ಳಂದೂರಿಂದ. ಬೆಂಗಳೂರಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ ಆ ಕೆರೆ ಪಕ್ಕ ಹೋಗಿದ್ವಿ, ಚಿಕ್ಕಪ್ಪ 2017ರ ಫೆಬ್ರವರಿಲಿ ಕೆರೆಗೆ ಬೆಂಕಿ ಬಿದ್ದಾಗ ಹೊಗೆ ಎಲ್ಲಿ ತನಕ ಬಂದಿತ್ತು ಅಂತ ಕೈ ತೋರಿಸಿ ಹೇಳಿದ್ರು, 2018ರ ಜನವರಿಲಿ ಮತ್ತೆ ಉರೀತು. ಸುಮಾರು 900 ಎಕರೆ ಕೆರೆ, ನೀರಿಗೆ ಬೆಂಕಿ! ಅವತ್ತು ರಾತ್ರಿ ಕೂತು ಒಂದೇ ಪದದ ಕಾರ್ಡ್ ಹರಿದು ಆರು ಕಾರ್ಡ್ ಮಾಡಿದೆ. ಮನೆಮನೆ ಕೊಳಚೆ ನೀರು ಶುದ್ಧ ಮಾಡ್ದೆ ಬಂದು ಸೇರೋದು, ಅದು ಅನ್‌ಟ್ರೀಟೆಡ್ ಸೂಯೇಜ್. ಅದ್ರ ಜೊತೆ ಬಂದ ಸಾರಜನಕ, ರಂಜಕ ತಿಂದು ಪಾಚಿ ಒಮ್ಮೆಲೇ ಹಬ್ಬೋದು ಆಲ್ಗಲ್ ಬ್ಲೂಮ್. ಪಾಚಿ ಸತ್ತ ಮೇಲೆ ಅದನ್ನ ಕೊಳೆಸೋ ಬ್ಯಾಕ್ಟೀರಿಯ ನೀರಲ್ಲಿ ಕರಗಿದ ಆಮ್ಲಜನಕ ಖಾಲಿ ಮಾಡತ್ತೆ, ಆ ಆಮ್ಲಜನಕ ಡಿಸಾಲ್ವ್ಡ್ ಆಕ್ಸಿಜನ್. ಕೊಳೆಸೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋ ಅಳತೆ ಬಿಒಡಿ, ಲ್ಯಾಬಲ್ಲಿ 20 ಡಿಗ್ರಿಲಿ 5 ದಿನ ಇಟ್ಟು ನೋಡ್ತೀವಲ್ಲ ಅದು. ಆಮ್ಲಜನಕ ಇಲ್ದೆ ಮೀನು ರಾಶಿ ರಾಶಿ ಸಾಯೋದು ಫಿಶ್ ಕಿಲ್, 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ಆಗಿತ್ತು. ಸೋಪು ಡಿಟರ್ಜೆಂಟಿಂದ ಬರೋ ನೊರೆಗೆ ಕಾರಣ ಸರ್ಫ್ಯಾಕ್ಟೆಂಟ್. ಇಷ್ಟೂ ಸೇರಿದ ಮೇಲೆ ಯೂಟ್ರೋಫಿಕೇಶನ್ ಕಾರ್ಡ್‌ಗೆ ನಾನು ಹಿಂದೆ ಬರೆದಿದ್ದು ಇಷ್ಟೇ: ಗೊಬ್ಬರ ಜಾಸ್ತಿಯಾದ ಕೆರೆ. ಗ್ರೀಕಲ್ಲಿ ಯೂ ಅಂದ್ರೆ ಚೆನ್ನಾಗಿ, ಟ್ರೋಫಿ ಅಂದ್ರೆ ಪೋಷಣೆ. ಅಂದ್ರೆ ಹೊಟ್ಟೆ ತುಂಬಾ ಉಂಡ ಕೆರೆ. ಗದ್ದೆಗೆ ಯೂರಿಯಾ ಜಾಸ್ತಿ ಹಾಕಿದ್ರೆ ಏನಾಗತ್ತೆ ಅಂತ ಅಪ್ಪಯ್ಯನಿಗೆ ಗೊತ್ತು, ಅದನ್ನೇ ಇಂಗ್ಲಿಷಲ್ಲಿ ಹೇಳಿದಾರೆ ಅನ್ಸಿತು. ಆಮೇಲೆ ಒಂದು ಸಲವೂ ಆ ಕಾರ್ಡ್ ಮರ್ತಿಲ್ಲ ನಾನು.

ಅವತ್ತಿಂದ ರೂಲ್ ಮಾಡ್ಕೊಂಡೆ, ಕಾರ್ಡ್ ಹಿಂದೆ ನನ್ನ ಕಣ್ಣಿಗೆ ಬರೋ ಒಂದು ಜಾಗ ಅಥವಾ ವಸ್ತು ಇರ್ಲೇಬೇಕು. ಇಲ್ದಿದ್ರೆ ಆ ಪದ ಇವತ್ತು ಬೇಡ, ಜಾಗ ಸಿಕ್ಕ ದಿನ ಹಾಕೋಣ.

ಈಗ ಪದಗಳ ಬಗ್ಗೆ ಹೇಳ್ತೀನಿ, ಯಾಕಂದ್ರೆ ಆ್ಯಪ್ ಯಾವ್ದಾದ್ರೂ ಇರ್ಲಿ ನಮ್ಮ ಕಡೆಯವರಿಗೆ ಎಡವೋ ಜಾಗ ಇವೇ. ಎಲ್ರೂ ಉದ್ದುದ್ದ ಪದಕ್ಕೆ ಹೆದರ್ತಾರೆ. ಉದ್ದದ ಪದ ಒಂದು ಸಲ ಕಲಿತ್ರೆ ಮುಗೀತು, ಅದಕ್ಕೆ ಒಂದೇ ಅರ್ಥ. ಮೋಸ ಮಾಡೋದು ಸಣ್ಣ ಪದ, ದಿನಾ ಬಳಸೋ ಪದ. ಸಿಂಕ್ ಅಂದ್ರೆ ಪಾತ್ರೆ ತೊಳೆಯೋದು ಅಂತ ಗೊತ್ತು, ಕಾರ್ಬನ್ ಸಿಂಕ್ ಅಂದಾಗ ಕಾಡು, ಸಮುದ್ರ, ಇಂಗಾಲ ಹೀರಿ ಇಟ್ಕೊಳ್ಳೋ ಎಲ್ಲ ಜಾಗ. ಬ್ಲೂಮ್ ಅಂದ್ರೆ ಹೂ ಅರಳೋದು, ಪಾಚಿ ಬ್ಲೂಮ್ ಆದ್ರೆ ಕೆರೆ ಸಾಯತ್ತೆ. ನೈಟ್ರೋಜನ್ ಫಿಕ್ಸ್ ಮಾಡೋದು ಅಂದ್ರೆ ರಿಪೇರಿ ಅಲ್ಲ, ಗಾಳಿಯ ಸಾರಜನಕವನ್ನ ಗಿಡಕ್ಕೆ ಸಿಗೋ ರೂಪಕ್ಕೆ ಹಿಡಿದು ನಿಲ್ಲಿಸೋದು, ಹೆಸರು, ಉದ್ದು, ಶೇಂಗಾ ಬೇರಿನ ಗಂಟಲ್ಲಿರೋ ಬ್ಯಾಕ್ಟೀರಿಯ ಅದನ್ನ ಮಾಡ್ತಾವೆ. ಫಾರೆಸ್ಟ್ ಕ್ಲಿಯರ್ ಮಾಡಿದ್ರು ಅಂದ್ರೆ ಕಾಡು ಕಡಿದ್ರು ಅಂತ, ನಮ್ಮ ಸಬ್ಜೆಕ್ಟ್ ಕ್ಲಿಯರ್ ಆಯ್ತು ಅನ್ನೋ ಖುಷಿಯ ಕ್ಲಿಯರ್ ಅಲ್ಲ ಅದು. ಟೇಲಿಂಗ್ಸ್ ಅಂದ್ರೆ ಅದಿರು ತೆಗೆದ ಮೇಲೆ ಉಳಿಯೋ ಕೆಸರು ಪುಡಿ, ಕುದುರೆಮುಖದ ಗಣಿ 2005ರ ಕೊನೇಲಿ ನಿಂತ್ರೂ ಲಕ್ಯಾ ಡ್ಯಾಮ್ ಹಿಂದೆ ಅದು ಇನ್ನೂ ಕೂತಿದೆ, ಆ ಡ್ಯಾಮಿನ ಫೋಟೋನೇ ನನ್ನ ಕಾರ್ಡು.

ರಿಸರ್ವಾಯರ್ ಅಂದ್ರೆ ನಮಗೆ ಲಿಂಗನಮಕ್ಕಿ ಜಲಾಶಯ. ಆದ್ರೆ ಕಾಯಿಲೆ ವಿಷಯದಲ್ಲಿ ರಿಸರ್ವಾಯರ್ ಅಂದ್ರೆ ವೈರಸ್ ಉಳ್ಕೊಂಡಿರೋ ಪ್ರಾಣಿ. ಇದನ್ನ ನಾನು ಮಂಗನ ಕಾಯಿಲೆ ಇಟ್ಕೊಂಡು ಕಲಿತೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಅದಕ್ಕೇ ಪ್ರಪಂಚದ ವೈದ್ಯಕೀಯ ಪುಸ್ತಕದಲ್ಲೆಲ್ಲ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತಾನೇ ಇದೆ, ನಮ್ಮ ಪಕ್ಕದೂರಿನ ಹೆಸರು ಇಂಗ್ಲಿಷ್ ಪದ ಆಗಿಬಿಟ್ಟಿದೆ. ಉಣುಗು (ಉಣ್ಣೆ) ವೆಕ್ಟರ್, ಅಂದ್ರೆ ರೋಗ ದಾಟಿಸೋದು. ಮಂಗ, ಮನುಷ್ಯ ಹೋಸ್ಟ್, ಅಂದ್ರೆ ರೋಗ ಹತ್ತೋ ಜೀವಿ. ಇಲಿಯಂಥ ಸಣ್ಣ ಪ್ರಾಣಿಗಳು ರಿಸರ್ವಾಯರ್. ಪ್ರಾಣಿಯಿಂದ ಮನುಷ್ಯನಿಗೆ ಬರೋದ್ರಿಂದ ಝೂನಾಟಿಕ್. ಅದೇ ಭಾಗದಲ್ಲಿ ಮತ್ತೆ ಮತ್ತೆ ಇರೋದ್ರಿಂದ ಎಂಡೆಮಿಕ್. ಒಂದೇ ಕಾಯಿಲೆ, 5 ಪದ, ಮಂಗ ಸತ್ತಿದೆ ಅಂತ ಸುದ್ದಿ ಬಂದ್ರೆ ಊರೆಲ್ಲ ಹೆದ್ರೋದನ್ನ ಚಿಕ್ಕವಳಿದ್ದಾಗ ನೋಡಿದವಳಿಗೆ ಈ ಪದ ಮರೆಯೋಕೆ ಸಾಧ್ಯವೇ ಇಲ್ಲ.

ಎಂಡೆಮಿಕ್ ಅಂದಾಗ ನೆನಪಾಯ್ತು, ಪ್ರಾಣಿ ಗಿಡದ ವಿಷಯದಲ್ಲಿ ಇದೇ ಪದಕ್ಕೆ ಬೇರೆ ಅರ್ಥ, ಬೇರೆ ಎಲ್ಲೂ ಇಲ್ದೆ ಅಲ್ಲಿ ಮಾತ್ರ ಇರೋದು. ಸಿಂಗಳೀಕ ಪಶ್ಚಿಮ ಘಟ್ಟಕ್ಕೆ ಎಂಡೆಮಿಕ್. ನವಿಲು ಇಲ್ಲಿಗೆ ನೇಟಿವ್, ಆದ್ರೆ ಎಂಡೆಮಿಕ್ ಅಲ್ಲ, ಶ್ರೀಲಂಕಾದಲ್ಲೂ ಇದೆ. ಗೋಡಂಬಿ, ಮೆಣಸಿನಕಾಯಿ ಎಕ್ಸಾಟಿಕ್, ಅಮೆರಿಕ ಖಂಡದಿಂದ ಬಂದಿದ್ದು, ಆದ್ರೆ ಅವು ಕಾಡು ನುಂಗಿಲ್ಲ. ಲಂಟಾನ ಎಕ್ಸಾಟಿಕ್ ಕೂಡ, ಇನ್ವೇಸಿವ್ ಕೂಡ, ಬ್ರಿಟಿಷರ ಕಾಲದಲ್ಲಿ ಚಂದಕ್ಕೆ ಅಂತ ತಂದಿದ್ದು ಈಗ ಬಂಡೀಪುರದಲ್ಲಿ ಜಿಂಕೆಗೆ ಮೇವಾಗೋ ಹುಲ್ಲಿನ ಜಾಗಾನೇ ಹಿಡಿದಿದೆ. ಹೊಲದ ಬದುವಲ್ಲಿ ಬೆಳೆಯೋ ಕಾಂಗ್ರೆಸ್ ಗಿಡ ಅಂತೀವಲ್ಲ ಪಾರ್ಥೇನಿಯಂ, ಅದೂ ಇನ್ವೇಸಿವ್. ಎಲ್ಲ ಎಕ್ಸಾಟಿಕ್ಕೂ ಇನ್ವೇಸಿವ್ ಅಲ್ಲ ಅನ್ನೋ ಒಂದು ಸಾಲು ಪರೀಕ್ಷೆಯಲ್ಲಿ ಎಷ್ಟು ಸಲ ಕೆಲಸಕ್ಕೆ ಬಂದಿದೆ ಅಂತ ಹೇಳೋಕಾಗಲ್ಲ. ಇಂಥ ಜೋಡಿಗಳಿಗೆ ಒಂದೊಂದೇ ಪದದ ಕಾರ್ಡ್ ಮಾಡ್ಬೇಡಿ, ಎರಡೂ ಒಟ್ಟಿಗೆ ಹಾಕಿ ವ್ಯತ್ಯಾಸ ಕೇಳಿ. ಬಯೋಅಕ್ಯುಮುಲೇಶನ್ ಅಂದ್ರೆ ಒಂದೇ ಜೀವಿಯ ಮೈಯಲ್ಲಿ ವಿಷ ದಿನೇ ದಿನೇ ಕೂಡ್ತಾ ಹೋಗೋದು, ಬಯೋಮ್ಯಾಗ್ನಿಫಿಕೇಶನ್ ಅಂದ್ರೆ ಸಣ್ಣ ಮೀನು, ದೊಡ್ಡ ಮೀನು, ಹದ್ದು ಅಂತ ಮೇಲೆ ಹೋದ ಹಾಗೆ ಜಾಸ್ತಿ ಆಗೋದು. ಮಿಟಿಗೇಶನ್ ಕಾರಣ ಕಮ್ಮಿ ಮಾಡೋದು, ಅಡಾಪ್ಟೇಶನ್ ಬಂದಿದ್ದಕ್ಕೆ ಹೊಂದ್ಕೊಳ್ಳೋದು, ಇದಕ್ಕೆ ನನ್ನ ಕಾರ್ಡಲ್ಲಿರೋದು ಕುಮಟಾ ಕಡೆಯ ಕಗ್ಗ ಭತ್ತ, ಉಪ್ಪು ನೀರು ನುಗ್ಗೋ ಗಜನಿ ಗದ್ದೇಲೂ ಬೆಳೆಯತ್ತೆ.

ಗಾಳಿ ಗುಣಮಟ್ಟದ ಪದಗಳಿಗೆ ಬೇರೆ ಥರ ಎಚ್ಚರ ಬೇಕು. ನಮ್ಮ ದೇಶದ ಗಾಳಿ ಗುಣಮಟ್ಟದ ಸೂಚ್ಯಂಕ ಎಕ್ಯೂಐನಲ್ಲಿ 0-50 ಗುಡ್, 51-100 ಸ್ಯಾಟಿಸ್‌ಫ್ಯಾಕ್ಟರಿ, 101-200 ಮಾಡರೇಟ್, ಆಮೇಲೆ ಪೂರ್, ವೆರಿ ಪೂರ್, ಸಿವಿಯರ್. ಮಾಡರೇಟ್ ಅಂದ್ರೆ ಪರವಾಗಿಲ್ಲ ಅನ್ನೋ ಥರ ಕೇಳತ್ತೆ, ಆದ್ರೆ ಆ ಮಟ್ಟದಲ್ಲೇ ಅಸ್ತಮಾ ಇರೋರಿಗೆ ಉಸಿರಾಟದ ತೊಂದ್ರೆ ಶುರು ಆಗ್ಬೋದು. ನಮ್ಮ ಅಜ್ಜಿಗೆ ಅಸ್ತಮಾ ಇದೆ, ಅದಕ್ಕೇ ಈ ಕಾರ್ಡಿನ ಹಿಂದೆ ಅಜ್ಜಿ ಅಂತ ಬರೆದಿದೀನಿ, ಬೇರೇನೂ ಬರೆದಿಲ್ಲ.

ಕಾರ್ಡ್ ಮಾಡೋ ರೀತೀಲಿ ನನಗೆ ತುಂಬಾ ಉಪಯೋಗ ಆಗಿದ್ದು ಕ್ಲೋಝ್ ಅನ್ನೋದು. ಶಾಲೇಲಿ ಬಿಟ್ಟ ಸ್ಥಳ ತುಂಬಿರಿ ಮಾಡ್ತಿದ್ವಲ್ಲ, ಅದೇ. ಒಂದು ಇಡೀ ಇಂಗ್ಲಿಷ್ ವಾಕ್ಯ ಹಾಕಿ ಒಂದು ಪದ ಮುಚ್ಚೋದು. ಯಾವ ಪದಕ್ಕೆ ಯಾವ ಕ್ರಿಯಾಪದ ಕೂಡತ್ತೆ ಅನ್ನೋದು ಇದ್ರಿಂದ ಮಾತ್ರ ಬರತ್ತೆ. ಅಂತರ್ಜಲ ಕಮ್ಮಿ ಆಗೋದಕ್ಕೆ ಡಿಪ್ಲೀಟ್, ಮಣ್ಣಿಗೆ ಎರೋಡ್, ಅನಿಲಕ್ಕೆ ಎಮಿಟ್, ಕೊಳಕು ನೀರಿಗೆ ಡಿಸ್ಚಾರ್ಜ್, ಕಸಕ್ಕೆ ಡಂಪ್. ನಾವು ಕನ್ನಡದಲ್ಲಿ ಯೋಚ್ನೆ ಮಾಡಿ ಬರೆದ್ರೆ ಅನಿಲಕ್ಕೂ ಕೊಳಕು ನೀರಿಗೂ ರಿಲೀಸ್ ಅಂತಾನೇ ಬರೀತೀವಿ, ತಪ್ಪೇನಲ್ಲ, ಆದ್ರೆ ರಿಪೋರ್ಟ್ ಬರೆಯೋವಾಗ ಕಚ್ಚಾ ಕಾಣತ್ತೆ. ಇನ್ನೊಂದು ಇಮೇಜ್ ಒಕ್ಲೂಶನ್, ಚಿತ್ರದಲ್ಲಿ ಹೆಸರುಗಳ ಮೇಲೆ ಪಟ್ಟಿ ಮುಚ್ಚಿ ಒಂದೊಂದೇ ಕೇಳೋದು. ನೈಟ್ರೋಜನ್ ಸೈಕಲ್, ಕಾಡಿನ ಪದರಗಳು ಇದಕ್ಕೆಲ್ಲ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಕ್ಯಾನೊಪಿ ಪದಕ್ಕೆ ಹಾಕಿರೋದು ನಮ್ಮ ತಾಲೂಕಿನ ಕತ್ತಲೆಕಾನಿನ ಫೋಟೋ, ಮಧ್ಯಾಹ್ನ ತೆಗೆದಿದ್ರೂ ಸಂಜೆ ಥರ ಇದೆ, ಮೇಲೆ ಎಲೆ ಎಲೆ ಕೂಡಿ ಬಿಸಿಲೇ ಇಳಿಯಲ್ಲ. ಹೆಸರಲ್ಲೇ ಕತ್ತಲೆ ಇಟ್ಟ ನಮ್ಮ ಹಿರಿಯರು ಕ್ಯಾನೊಪಿ ಕವರ್ ಅಳೆದು ಹೇಳಿದ ಹಾಗಿದೆ.

ಇದೇ ಜಾಗದಲ್ಲಿ ಉಲ್ಟಾ ಕಷ್ಟವೂ ಗೊತ್ತಾಯ್ತು, ಕನ್ನಡದಲ್ಲಿ ಇರೋದಕ್ಕೆ ಇಂಗ್ಲಿಷಲ್ಲಿ ಒಂದು ಪದ ಸಿಗಲ್ಲ. ಕಾನು ಬೇರೆ, ಸೊಪ್ಪಿನ ಬೆಟ್ಟ ಬೇರೆ, ಹುಲ್ಲು ಬೆಳೆಯೋ ಬೇಣ ಬೇರೆ. ಇಂಗ್ಲಿಷಲ್ಲಿ ಬರೀ ಫಾರೆಸ್ಟ್ ಅಂತ ಬರೆದ್ರೆ ಮೂರೂ ಒಂದೇ ಆಗೋಗತ್ತೆ, ಅಡಿಕೆ ತೋಟಕ್ಕೆ ಸೊಪ್ಪು ತರೋ ಬೆಟ್ಟಕ್ಕೂ ಯಾರೂ ಕೊಡಲಿ ಹಾಕದ ಕಾನಿಗೂ ವ್ಯತ್ಯಾಸವೇ ಉಳಿಯಲ್ಲ. ರಾಮಪತ್ರೆ ಮರದ ಜಡ್ಡಿಗೆ, ಅಂದ್ರೆ ಜೌಗು ಕಾಡಿಗೆ, ಮಿರಿಸ್ಟಿಕಾ ಸ್ವಾಂಪ್ ಅಂತ ಇದೆ ಪುಣ್ಯಕ್ಕೆ. ನಾನು ಇಂಥದ್ದಕ್ಕೆ ಬೇರೆ ಡೆಕ್ಕೇ ಮಾಡಿದೀನಿ, ಮುಂದೆ ಕನ್ನಡ ಪದ, ಹಿಂದೆ ಎರಡು ಸಾಲು ಇಂಗ್ಲಿಷ್ ವಿವರಣೆ, ನಾನೇ ಬರೆದಿದ್ದು. ಈ ಡೆಕ್ಕಲ್ಲಿ 46 ಕಾರ್ಡ್ ಅಷ್ಟೇ ಇರೋದು, ಆದ್ರೆ ನನ್ನ ಇಂಗ್ಲಿಷ್ ಬರವಣಿಗೆ ಸುಧಾರಿಸಿದ್ದು ಉಳಿದ 766ಕ್ಕಿಂತ ಇವುಗಳಿಂದ ಜಾಸ್ತಿ ಅಂತ ನನ್ನ ನಂಬಿಕೆ, ಯಾಕಂದ್ರೆ ಇಲ್ಲಿ ಪದ ಎರವಲು ತರೋಕೆ ಬರಲ್ಲ, ಕೂತು ವಾಕ್ಯ ಕಟ್ಟಲೇಬೇಕು.

ಉಚ್ಚಾರಣೆಗೆ ಫೋನಿನ ಓದಿ ಹೇಳೋ ಸೌಲಭ್ಯವನ್ನೇ ಕಾರ್ಡಿಗೆ ಜೋಡಿಸ್ಬೋದು. ಡೆಬ್ರಿ ಅನ್ನೋದನ್ನ ನಾನು ಡೆಬ್ರಿಸ್ ಅಂತಿದ್ದೆ, ಕೊನೆ ಅಕ್ಷರ ಹೇಳೋ ಹಾಗಿಲ್ಲ. ಬರಗಾಲಕ್ಕೆ ಡ್ರೌಟ್ ಅನ್ಬೇಕು, ಡ್ರಾಟ್ ಅಲ್ಲ. ಇಷ್ಟು ಸಾಕು ಇದ್ರ ಬಗ್ಗೆ.

ಹಾಕ್ಕೊಳ್ಳೋವಾಗ ಗಮನಿಸ್ಬೇಕಾದ್ದು: ಕಂಪ್ಯೂಟರಿಗೆ ಫ್ರೀ, ಆಂಡ್ರಾಯ್ಡಿಗೆ ಆಂಕಿಡ್ರಾಯ್ಡ್ ಅಂತ ಬೇರೆ ಸ್ವಯಂಸೇವಕರ ತಂಡ ಮಾಡಿದ್ದು, ಅದೂ ಫ್ರೀ, ಜಾಹೀರಾತು ಇಲ್ಲ. ಐಫೋನಿನದ್ದಕ್ಕೆ ಒಂದು ಸಲ ದುಡ್ಡು ಕೊಡ್ಬೇಕು. ಇದೇ ಥರ ಹೆಸರಿಟ್ಕೊಂಡ ಬೇರೆ ಆ್ಯಪ್‌ಗಳೂ ಸ್ಟೋರಲ್ಲಿವೆ, ನೋಡಿ ಹಾಕ್ಕೊಳ್ಳಿ. ಆಂಕಿವೆಬ್ ಅಕೌಂಟ್ ಮಾಡಿದ್ರೆ ಲ್ಯಾಪ್‌ಟಾಪಲ್ಲಿ ಬರೆದಿದ್ದು ಫೋನಿಗೆ ಬರತ್ತೆ. ಇಳಿಸ್ಕೊಂಡ ಮೇಲೆ ನೆಟ್ ಬೇಡ, ನಮ್ಮೂರಲ್ಲಿ ಸಿಗ್ನಲ್ ಇಲ್ಲದ ಕಡೆ ಇದು ದೊಡ್ಡ ಉಪಕಾರ. ದಿನಕ್ಕೆ ಹೊಸ ಕಾರ್ಡ್ 20 ಅಂತ ಮೊದಲೇ ಇಟ್ಟಿರತ್ತೆ, ನಾನು 8 ಮಾಡ್ಕೊಂಡೆ, 20 ಇಟ್ರೆ ಮುಂದಿನ ವಾರ ರಿವಿಶನ್ನೇ ರಾಶಿ ಬೀಳತ್ತೆ. ದೀಪಾವಳಿಗೆ ಊರಿಗೆ ಹೋಗಿ 9 ದಿನ ತೆಗೆದು ನೋಡದೇ ಇದ್ದಾಗ 300ರ ಮೇಲೆ ಕೂಡಿತ್ತು, ಹೊಸದು ಪೂರ್ತಿ ನಿಲ್ಲಿಸಿ ದಿನಕ್ಕೆ 50ರ ಹಾಗೆ ಮುಗಿಸಿದೆ. ಹಾಗೇ ಬಿಟ್ಟುಬಿಡೋರು ಈ ಹಂತದಲ್ಲೇ ಬಿಡೋದು, ದಯವಿಟ್ಟು ಬಿಡ್ಬೇಡಿ.

ಯಾರಿಗೆ ಸರಿ ಹೊಂದತ್ತೆ ಅಂದ್ರೆ, ಎಂಎಸ್ಸಿ ಮಾಡೋರಿಗೆ, ಕೆಎಎಸ್ ಐಎಎಸ್‌ಗೆ ಪರಿಸರ ವಿಷಯ ಓದೋರಿಗೆ, ಹೈಸ್ಕೂಲಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ವಿಜ್ಞಾನ ಪಾಠ ಮಾಡ್ಬೇಕಾಗಿ ಬಂದ ಕನ್ನಡ ಮೀಡಿಯಂ ಮೇಷ್ಟ್ರಿಗೆ. ಮಾತಾಡೋ ಇಂಗ್ಲಿಷ್ ಬೇಕು ಅನ್ನೋರಿಗೆ ಇದಲ್ಲ. ಕಾರ್ಡ್ ಬರೆಯೋಕೆ ಟೈಮ್ ಕೊಡಲ್ಲ ಅನ್ನೋರಿಗೂ ಅಲ್ಲ, ಒಂದು ಒಳ್ಳೆ ಕಾರ್ಡಿಗೆ 5 ನಿಮಿಷ ಬೇಕು, ನನ್ನ ಪ್ರಕಾರ ಕಲಿಕೆಯ ಅರ್ಧ ಆ 5 ನಿಮಿಷದಲ್ಲೇ ಆಗೋದು.

ಮೂರನೇ ಸೆಮಿಸ್ಟರಲ್ಲಿ ಅಘನಾಶಿನಿ ಅಳಿವೆ ಬಗ್ಗೆ ಸೆಮಿನಾರ್ ಕೊಟ್ಟೆ. ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ, ಅದಕ್ಕೆ ಎಸ್ಚುವರಿ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರ್ತು, ವೆಟ್‌ಲ್ಯಾಂಡ್ ಉಳಿಸೋಕೆ ಇರಾನಿನ ರಾಮ್ಸಾರ್ ಊರಲ್ಲಿ 1971ರಲ್ಲಿ ಆದ ಒಪ್ಪಂದ ಅದು, ನಮ್ಮ ರಾಜ್ಯದಲ್ಲಿ ಮೊದ್ಲು ರಂಗನತಿಟ್ಟು ಮಾತ್ರ ಇತ್ತು, ಅಘನಾಶಿನಿ ಜೊತೆ ಅಂಕಸಮುದ್ರ, ಮಾಗಡಿ ಕೆರೆ ಸೇರಿ 4 ಆಯ್ತು. ವೆಟ್‌ಲ್ಯಾಂಡ್ ಅಂದ್ರೆ ಬರೀ ಜೌಗು ಅಲ್ಲ, ಇಳಿತದ ಹೊತ್ತಲ್ಲಿ 6 ಮೀಟರ್ ಆಳದ ತನಕದ ಸಮುದ್ರದ ನೀರೂ ಆ ಒಪ್ಪಂದದ ಪ್ರಕಾರ ವೆಟ್‌ಲ್ಯಾಂಡೇ, ಮನುಷ್ಯ ಕಟ್ಟಿದ ಕೆರೆಯೂ ಸೇರತ್ತೆ. ನೀರು ಇಳಿದಾಗ ಸೊಂಟದ ತನಕ ಕೆಸರಲ್ಲಿ ನಿಂತು ಚಿಪ್ಪಿ ಆರಿಸೋ ಹೆಂಗಸರನ್ನ ಅಲ್ಲಿ ನೋಡಿದವಳು ನಾನು, ಬೈವಾಲ್ವ್ (ಎರಡು ಚಿಪ್ಪಿನ ಜೀವಿ), ಟೈಡಲ್ ಫ್ಲಾಟ್ (ಇಳಿತದಲ್ಲಿ ಕಾಣೋ ಕೆಸರು ಬಯಲು), ಲೈವ್ಲಿಹುಡ್, ಸಸ್ಟೇನಬಲ್ ಹಾರ್ವೆಸ್ಟ್ ಎಲ್ಲ ಪದವೂ ಆ ಹೆಂಗಸರ ಬುಟ್ಟಿಯಿಂದ್ಲೇ ಎದ್ದು ಬಂದ ಹಾಗೆ ಬಂತು. 12 ನಿಮಿಷ ಚೀಟಿ ನೋಡದೆ ಮಾತಾಡಿದೆ. ಕೂತ್ಕೊಂಡ ಮೇಲೆ ಕೈ ನಡುಗ್ತಿತ್ತು.

5ಕ್ಕೆ 5 ಕೊಡ್ತೀನಿ.

ಇನ್ನೊಂದು ಹೇಳ್ಬೇಕು. ಒಂದೇ ಕಾರ್ಡನ್ನ ಎಂಟು ಸಲ ಮರೆತ್ರೆ ಆಂಕಿ ಅದಕ್ಕೆ ಲೀಚ್ ಅಂತ ಗುರುತು ಹಾಕತ್ತೆ, ನಮ್ಮ ಟೈಮ್ ಹೀರೋ ಕಾರ್ಡು ಅಂತ. ಲೀಚ್ ಅಂದ್ರೆ ನಮ್ಮ ಮಳೆಗಾಲದ ಉಂಬಳವೇ. ನನ್ನ ಮೊದಲ ಲೀಚ್ ಯಾವ್ದು ಗೊತ್ತಾ, ಇನ್ನೊಂದು ಲೀಚ್, ಇಂಗ್ಲಿಷ್ ಸ್ಪೆಲಿಂಗಲ್ಲಿ ಒಂದೇ ಅಕ್ಷರ ಬೇರೆ, ನೀರಿನ ಜೊತೆ ಕರಗಿ ಕೆಳಗೆ ಇಳಿದು ಹೋಗೋದು ಅಂತ ಅರ್ಥ. ಬೆಂಗಳೂರು ಹತ್ರದ ಮಂಡೂರು, ಮಾವಳ್ಳಿಪುರದ ಕಸದ ಗುಡ್ಡದಿಂದ ಸೋರ್ತಿದ್ದ ಕಪ್ಪು ನೀರು ಲೀಚೇಟ್ ಅಂತ ಬರೆದ ಮೇಲೆ ಅದು ಬಿಡ್ತು. ಈಗ ಉಳಿದಿರೋ ಉಂಬಳ ಮೂರು: ರೆಸಿಲಿಯೆನ್ಸ್ (ಪೆಟ್ಟು ಬಿದ್ದ ಮೇಲೆ ಚೇತರಿಸ್ಕೊಳ್ಳೋ ಶಕ್ತಿ), ಸಕ್ಸೆಶನ್ (ಒಂದು ಜಾಗದಲ್ಲಿ ಗಿಡಮರ ಒಂದಾದ ಮೇಲೊಂದು ಬರೋದು), ಆಲ್ಬೀಡೊ (ಬಿದ್ದ ಬಿಸಿಲಲ್ಲಿ ಎಷ್ಟು ವಾಪಸ್ ಹೋಗತ್ತೆ ಅನ್ನೋದು). ಸಕ್ಸೆಶನ್‌ಗೆ ಮನೆ ಹಿಂದಿನ ಬೇಣದಲ್ಲಿ ದನ ಮೇಯ್ಸೋದು ನಿಂತ ಮೇಲೆ ಮೊದ್ಲು ಏನು ಹುಟ್ಟಿತು ಆಮೇಲೆ ಏನು ಬಂತು ಅಂತ ಅಪ್ಪಯ್ಯನ ಹತ್ರ ಕೇಳಿ ಬರ್ಕೊಳ್ತಾ ಇದೀನಿ. ಉಳಿದ ಎರಡಕ್ಕೆ ಇನ್ನೂ ಜಾಗ ಸಿಕ್ಕಿಲ್ಲ, ನಿಮ್ಮೂರಲ್ಲಿ ಇದ್ರೆ ಹೇಳಿ.